ಅಂಗೈಯಗಲದ ಕಾಳಗ

ಕಾಳಗದ ವರ್ಣನೆಗಳನ್ನು ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ವರ್ಷಕ್ಕೆ ಮೂರೋ ನಾಲ್ಕೋ ಯುದ್ಧಗಳನ್ನಾದರೂ ತರಗತಿಯಲ್ಲಿ ನಡೆಸದೆ ನನಗೆ ಗತಿಯಿಲ್ಲ. ಮುಂದಿನ ಬೆಂಚಿನ ಎದುರಿಗೆ ಗದೆಗೆ ಗದೆ ತಾಗಿ ಕಿಡಿ ಹಾರುತ್ತಿರುವಾಗ ಹಿಂದಿನ ಬೆಂಚಿನಲ್ಲಿ ನಿದ್ರಾದೇವಿಯ ವಿಜಯೋತ್ಸವ ನಡೆಯುವುದೂ ಉಂಟು. ಅದಕ್ಕೆ ಕವಿಗಳು ಹೊಣೆಯಲ್ಲ. ನಮ್ಮ ಹಳೆಯ ಕವಿಗಳದು ದೊಡ್ಡ ಮನಸ್ಸು. ಗೆದ್ದವನಿಗೆ ರಾಜ್ಯವನ್ನು ಕೊಟ್ಟು, ಸೋತವನಿಗೆ ಒಳ್ಳೆಯ ಪದ್ಯಗಳನ್ನು ಮೀಸಲಿಡುತ್ತಾರೆ. ಕರ್ಣನೂ ದುರ್ಯೋಧನನೂ ಕನ್ನಡದಲ್ಲಿ ಸೋತು ಬಡವರಾದವರಲ್ಲ. ಇಪ್ಪತ್ತು ವರ್ಷ ಇದನ್ನೇ ಹೇಳಿ ಹೇಳಿ, ಎಲ್ಲಿ ಇಬ್ಬರು ಸೆಣಸಿದರೂ ಸೋತವನ ಗುಣಗಳೇನು, ಗೆದ್ದವನು ಗೆದ್ದದ್ದು ಯಾವ ಬಲದಿಂದ ಎಂದು ಕೇಳುವ ಚಟ ನನಗೆ ಅಂಟಿಬಿಟ್ಟಿದೆ.

ಈ ಚಟವೇ ನನ್ನನ್ನು ಒಂದು ವಿಚಿತ್ರವಾದ ಯುದ್ಧಕ್ಕೆ ಎಳೆದೊಯ್ದಿತು. ಅದರ ರಣರಂಗ ಅಂಗೈಯಗಲ. ಅದರ ವೀರರಿಗೆ ಬೇಕಾದದ್ದು ಎರಡು ಹೆಬ್ಬೆರಳು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರಗಳನ್ನು ಮಾಡುವ ಕಂಪೆನಿಗಳು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಒಂದರೊಡನೊಂದು ನಡೆಸಿದ ಕಾಳಗ ಅದು. ಸ್ಟಾಫ್ ರೂಮಿನಲ್ಲಿ ನಾನು ಅದರ ಚರಿತ್ರೆಯನ್ನು ಓದುತ್ತ ಕುಳಿತದ್ದನ್ನು ಕಂಡು ಭೌತಶಾಸ್ತ್ರದ ನನ್ನ ಸಹೋದ್ಯೋಗಿ, “ಏನ್ರೀ ಮೇಷ್ಟ್ರೇ, ಪಂಪನನ್ನು ಬಿಟ್ಟು ಇದಕ್ಕೆ ಯಾವಾಗ ಇಳಿದಿರಿ?” ಎಂದರು. “ಇದೂ ಭಾರತವೇ, ಸಾರ್. ಹದಿನೆಂಟು ಪರ್ವಕ್ಕೆ ಸಾಕಾಗುವಷ್ಟಿದೆ” ಎಂದೆ. ಅವರು ನಕ್ಕರು. ನಾನು ಹೇಳಿದ್ದು ಬರಿಯ ತಮಾಷೆಗಲ್ಲ. ಆ ಕಾಳಗದಲ್ಲಿ ನನಗೂ ಸಂಬಂಧಿಸಿದ ಒಂದು ವ್ಯಾಜ್ಯವಿದೆ. ಅದನ್ನು ಮುಂದೆ ಹೇಳುತ್ತೇನೆ.

ಈ ಭಾರತದ ಆದಿಪರ್ವ ತೀರ ಬಡತನದ್ದು. ೧೯೭೬ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿ ಕಾರು ಪಂದ್ಯದ ಒಂದು ಪುಟ್ಟ ಯಂತ್ರವನ್ನು ತಂದಿತು. ಅದರಲ್ಲಿ ಕಾರೆಂದರೆ ಕೆಂಪಗೆ ಹೊಳೆಯುವ ಒಂದು ಗೀಟು, ಅಷ್ಟೆ. ೧೯೭೯ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪೆನಿಯ ಮೈಕ್ರೋವಿಷನ್ ಬಂದಿತು. ಆಟದ ಕ್ಯಾಸೆಟ್ಟನ್ನು ಬದಲಾಯಿಸಿ ಒಂದೇ ಯಂತ್ರದಲ್ಲಿ ಬೇರೆ ಬೇರೆ ಆಟಗಳನ್ನು ಆಡಬಹುದೆಂಬುದು ಅದರ ಹೊಸತನ. ಅದರ ಪರದೆಯಲ್ಲಿದ್ದದ್ದು ಅಡ್ಡಕ್ಕೆ ೧೬, ಉದ್ದಕ್ಕೆ ೧೬ ಚುಕ್ಕಿಗಳು. ಹಬ್ಬದ ದಿನದ ರಂಗೋಲಿಗೇ ಅಷ್ಟು ಸಾಲದೆನ್ನುವ ಮನೆಗಳಿವೆ. ಎರಡು ಮೂರು ವರ್ಷಗಳಲ್ಲಿ ಅದರ ಕಥೆ ಮುಗಿಯಿತು.

ಅಷ್ಟರಲ್ಲಿ ಜಪಾನಿನಲ್ಲಿ ಬೇರೊಬ್ಬರು ಯೋಚಿಸುತ್ತಿದ್ದರು. ನಿಂಟೆಂಡೊ ಎಂಬ ಕಂಪೆನಿ ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾಡಲು ಹುಟ್ಟಿದ್ದು. ೧೯೬೫ರಲ್ಲಿ ಅಲ್ಲಿ ಗುಂಪೈ ಯೊಕೊಯಿ ಎಂಬ ತರುಣ ಕೆಲಸಕ್ಕೆ ಸೇರಿದರು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಯಂತ್ರಗಳು ಕೆಡದೆ ಇದ್ದಾಗ ಹೊತ್ತು ಹೋಗಬೇಕಲ್ಲ! ಕತ್ತರಿಯಂತೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಒಂದು ಕೈಯನ್ನು ಮಾಡಿಕೊಂಡು ಅವರು ಆಡುತ್ತಿದ್ದುದು ಯಜಮಾನರಾದ ಹಿರೋಷಿ ಯಮಾವುಚಿಯವರ ಕಣ್ಣಿಗೆ ಬಿತ್ತು. ನಮ್ಮ ಕಡೆಯಾಗಿದ್ದರೆ ಮಾರನೆಯ ದಿನ ಮೆಮೊ ಬರುತ್ತಿತ್ತು. ಯಮಾವುಚಿ, ಅದನ್ನೇ ಆಟಿಕೆಯಾಗಿ ಮಾಡಿ ಮಾರೋಣ ಎಂದರು. ೧೯೬೬ರಲ್ಲಿ ಮಾರಾಟಕ್ಕೆ ಬಂದ ಆ ‘ಅಲ್ಟ್ರಾ ಹ್ಯಾಂಡ್’ ಲಕ್ಷಗಟ್ಟಲೆ ಖರ್ಚಾಯಿತು. ಯೊಕೊಯಿ ಯಂತ್ರದ ಎಣ್ಣೆಯಿಂದ ಆಟದ ಲೋಕಕ್ಕೆ ಬಂದದ್ದು ಹೀಗೆ.

ಮುಂದೊಮ್ಮೆ ಅವರು ರೈಲಿನಲ್ಲಿ ಹೋಗುತ್ತಿರುವಾಗ, ಬೇಸರಗೊಂಡ ಉದ್ಯೋಗಸ್ಥನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮಸುಮ್ಮನೆ ಒತ್ತಿ ಹೊತ್ತು ಕಳೆಯುತ್ತಿದ್ದುದನ್ನು ಕಂಡರಂತೆ. ಆ ದಿನಗಳಲ್ಲಿ ಕ್ಯಾಲ್ಕುಲೇಟರು ಮಾಡುವ ಕಂಪೆನಿಗಳ ಪೈಪೋಟಿಯಿಂದ ಅದರ ಚಿಪ್ಪೂ ಪರದೆಯೂ ಅಗ್ಗವಾಗಿದ್ದವು. ಅವನ್ನೇ ತೆಗೆದುಕೊಂಡು, ಒಂದು ಯಂತ್ರಕ್ಕೆ ಒಂದೇ ಆಟವೆಂಬಂತೆ, ಮೂಲೆಯಲ್ಲೊಂದು ಗಡಿಯಾರವನ್ನೂ ಸೇರಿಸಿ ೧೯೮೦ರಲ್ಲಿ ‘ಗೇಮ್ ಅಂಡ್ ವಾಚ್’ ತಂದರು. ಯಾರಾದರೂ ಕೇಳಿದರೆ ಗಂಟೆ ನೋಡುತ್ತಿದ್ದೆ ಎನ್ನಬಹುದಲ್ಲ! ಒಟ್ಟು ೪ ಕೋಟಿ ೩೪ ಲಕ್ಷ ಯಂತ್ರಗಳು ಮಾರಾಟವಾದವು.

ಯೊಕೊಯಿ ತಮ್ಮ ಹಾದಿಗೆ ಒಂದು ಸೂತ್ರವನ್ನು ಹೇಳಿದ್ದಾರೆ. ಕನ್ನಡದಲ್ಲಿ ಅದನ್ನು ‘ಒಣಗಿದ ವಿದ್ಯೆಗೆ ಹೊಸ ದಿಕ್ಕಿನ ಯೋಚನೆ’ ಎನ್ನಬಹುದು. ಒಣಗಿದ್ದು ಎಂದರೆ ಸತ್ತದ್ದಲ್ಲ. ನಮ್ಮ ಬಡಗಿಗಳನ್ನು ಕೇಳಿ. ಹಸಿಮರದಲ್ಲಿ ಬಾಗಿಲು ಮಾಡಿಸಲು ಹೋದರೆ ಒಳ್ಳೆಯ ಬಡಗಿ ಒಪ್ಪುವುದಿಲ್ಲ. ಇಂದು ನೆಟ್ಟಗೆ ಕಾಣುವ ಹಲಗೆ ಮುಂದಿನ ಬೇಸಗೆಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ವರ್ಷಗಟ್ಟಲೆ ನೆರಳಿನಲ್ಲಿ ಒಣಗಿ, ತನ್ನ ಸೊಟ್ಟತನವನ್ನೆಲ್ಲ ಮೊದಲೇ ತೋರಿಸಿ ಮುಗಿಸಿದ ಮರವೇ ಅವನಿಗೆ ಬೇಕು. ವಿದ್ಯೆಯೂ ಹಾಗೆಯೇ. ಹೊಸದಾಗಿದ್ದಾಗ ದುಬಾರಿ, ಚಂಚಲ. ಹಳೆಯದಾದ ಮೇಲೆ ಅಗ್ಗ, ವಿಧೇಯ. ಎಲ್ಲರೂ ಅದನ್ನು ಬಿಟ್ಟು ಮುಂದಕ್ಕೆ ಓಡಿದಾಗ ಹಿಂದೆ ಉಳಿದವನು ಅದರಿಂದ ಏನಾದರೂ ಹೊಸದನ್ನು ಮಾಡಬಹುದೆಂಬುದು ಯೊಕೊಯಿಯವರ ನಂಬಿಕೆ.

ಈ ನಂಬಿಕೆಗೆ ಪರೀಕ್ಷೆ ಬಂದದ್ದು ೧೯೮೯ರಲ್ಲಿ. ಆ ವರ್ಷದ ಏಪ್ರಿಲ್ ೨೧ರಂದು ಜಪಾನಿನಲ್ಲಿ ನಿಂಟೆಂಡೊ ‘ಗೇಮ್ ಬಾಯ್’ ಬಿಡುಗಡೆಯಾಯಿತು. ನೋಡಲು ಬೂದು ಬಣ್ಣದ ಇಟ್ಟಿಗೆ. ಪರದೆ ಪಾಚಿಯ ಹಸುರು; ಅದರ ಮೇಲೆ ಕಪ್ಪಿನ ನಾಲ್ಕು ಛಾಯೆಗಳು, ಬಣ್ಣವೆಂಬುದಿಲ್ಲ. ಒಳಗಿನ ಚಿಪ್ಪು ಹದಿಮೂರು ವರ್ಷ ಹಳೆಯ ವಂಶದ್ದು. ಅದೇ ವರ್ಷದ ಕೊನೆಗೆ ಅಮೆರಿಕದ ಅಟಾರಿ ಕಂಪೆನಿ ‘ಲಿಂಕ್ಸ್’ ಯಂತ್ರವನ್ನು ಇಳಿಸಿತು. ಬಣ್ಣದ ಪರದೆ, ಹಿಂದಿನಿಂದ ಬೆಳಕು, ಹೆಚ್ಚಿನ ವೇಗ. ಎಡಗೈಯವರೂ ತಿರುಗಿಸಿ ಹಿಡಿದು ಆಡಬಹುದಾದಷ್ಟು ಸೌಜನ್ಯ. ೧೯೯೦ರಲ್ಲಿ ಜಪಾನಿನ ಸೆಗಾ ಕಂಪೆನಿಯ ‘ಗೇಮ್ ಗೇರ್’ ಬಂದಿತು, ಅದೂ ಬಣ್ಣದ್ದೆ. ಬಣ್ಣ ಕಾಣದ ನಾಯಿಗಷ್ಟೇ ಗೇಮ್ ಬಾಯ್ ಸಾಕೆಂಬ ಅರ್ಥ ಬರುವಂತೆ ಸೆಗಾ ಅಮೆರಿಕದಲ್ಲಿ ಜಾಹೀರಾತನ್ನೂ ಕೊಟ್ಟಿತು. ಎನ್‌ಇಸಿ ಕಂಪೆನಿಯ ‘ಟರ್ಬೋ ಎಕ್ಸ್‌ಪ್ರೆಸ್’ ಇನ್ನೂ ಶ್ರೀಮಂತ: ಮನೆಯ ಟೀವಿಗೆ ಸಿಕ್ಕಿಸುವ ಯಂತ್ರದ ಆಟಗಳನ್ನೇ ಅದರಲ್ಲಿ ಆಡಬಹುದಾಗಿತ್ತು.

ಅಂಗಡಿಯ ಗಾಜಿನ ಹಿಂದೆ ಈ ನಾಲ್ಕನ್ನೂ ಸಾಲಾಗಿ ಇಟ್ಟರೆ ಗೇಮ್ ಬಾಯ್ ಕೊನೆಯ ಬೆಂಚಿನ ವಿದ್ಯಾರ್ಥಿ. ಯೊಕೊಯಿ ಮಾತ್ರ ಹೆದರಲಿಲ್ಲ. ಪ್ರತಿಸ್ಪರ್ಧಿಯೊಂದು ಬಂದಿದೆಯೆಂದು ಅವರ ಕಡೆಯವರೊಬ್ಬರು ಕಳೆಗುಂದಿದ ಮುಖದಿಂದ ಹೇಳಿದಾಗ, ಅದು ಬಣ್ಣದ್ದೋ ಕಪ್ಪುಬಿಳುಪಿನದೋ ಎಂದಷ್ಟೇ ಕೇಳಿದರಂತೆ. ಬಣ್ಣದ್ದೆಂದು ತಿಳಿದ ಮೇಲೆ, ಹಾಗಾದರೆ ಚಿಂತೆಯಿಲ್ಲ ಎಂದರಂತೆ. ಅಂಗಡಿಯ ಪರೀಕ್ಷೆ ಬೇರೆ, ಮನೆಯ ಪರೀಕ್ಷೆ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಆ ಎರಡನೆಯ ಪರೀಕ್ಷೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ೧೯೯೨ರ ಬೇಸಗೆ. ನನಗೆ ಹನ್ನೊಂದು ವರ್ಷ. ಅಮೆರಿಕದಲ್ಲಿದ್ದ ನನ್ನ ಚಿಕ್ಕಪ್ಪ ಸಂಸಾರಸಮೇತರಾಗಿ ಮೈಸೂರಿನ ತಾತನ ಮನೆಗೆ ಬಂದಿದ್ದರು. ಅವರ ಇಬ್ಬರು ಮಕ್ಕಳಲ್ಲಿ ದೊಡ್ಡವನ ಹತ್ತಿರ ಗೇಮ್ ಗೇರ್, ಚಿಕ್ಕವನ ಹತ್ತಿರ ಗೇಮ್ ಬಾಯ್. ಮೊದಲ ದಿನ ಬೀದಿಯ ಹುಡುಗರೆಲ್ಲ ದೊಡ್ಡವನ ಸುತ್ತ. ಆ ಬಣ್ಣವನ್ನು ಕಂಡು ನಮಗೆ ಮಾತೇ ಹೊರಡಲಿಲ್ಲ. ಚಿಕ್ಕವನು ತನ್ನ ಬೂದು ಇಟ್ಟಿಗೆಯನ್ನು ಹಿಡಿದು ಜಗಲಿಯ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ.

ಗೇಮ್ ಗೇರ್‌ಗೆ ಆರು ಪೆನ್ಸಿಲ್ ಸೆಲ್ಲು ಬೇಕು. ಆಡಿದರೆ ಮೂರರಿಂದ ಐದು ಗಂಟೆ. ನಮ್ಮ ಮೂಲೆಯಂಗಡಿಯ ಸೆಲ್ಲುಗಳು ಅಷ್ಟೂ ಬರುತ್ತಿರಲಿಲ್ಲ. ಅವನು ತಂದಿದ್ದ ಅಡಾಪ್ಟರು ಅಮೆರಿಕದ ೧೨೦ ವೋಲ್ಟಿನ ಕರೆಂಟಿಗೆ ಮಾಡಿದ್ದು. ನಮ್ಮ ಗೋಡೆಯ ೨೩೦ ವೋಲ್ಟಿಗೆ ಸಿಕ್ಕಿಸುವ ಹಾಗಿರಲಿಲ್ಲ. “ತಾತಾ, ಸೆಲ್ ಆಯ್ತು” ಎಂದು ಅವನು ದಿನವೂ ಬಂದು ನಿಲ್ಲುವನು. ತಾತ ಅಕೌಂಟೆಂಟರಾಗಿ ನಿವೃತ್ತರಾದವರು. ಹಾಲಿನ ಲೆಕ್ಕದ ಪಕ್ಕದಲ್ಲಿ ‘ಸೆಲ್ಲು — ೬’ ಎಂದು ಬರೆಯತೊಡಗಿದರು. ವಾರ ಕಳೆಯುವಷ್ಟರಲ್ಲಿ ಸೆಲ್ಲಿನ ಲೆಕ್ಕ ಹಾಲಿನ ಲೆಕ್ಕವನ್ನು ಹಿಂದಕ್ಕೆ ಹಾಕಿತು. ಚಿಕ್ಕವನ ಯಂತ್ರಕ್ಕೆ ಬೇಕಾದದ್ದು ನಾಲ್ಕೇ ಸೆಲ್ಲು. ಅವು ಹದಿನೈದು ಗಂಟೆಗೂ ಮಿಕ್ಕಿ ನಡೆಯುತ್ತಿದ್ದವು. ಒಂದು ಸಂಜೆ ತಾತ ಕನ್ನಡಕವನ್ನು ಹಣೆಗೇರಿಸಿ, “ಮಗೂ, ನಿಂದು ಚೆನ್ನಾಗಿದೆ ಕಣೋ. ಆದರೆ ಆನೆ ಸಾಕಿದ ಹಾಗೆ” ಎಂದರು. ಎರಡನೆಯ ವಾರ ಆನೆ ಬೀರುವಿನೊಳಗೆ ಮಲಗಿತು. ಬೂದು ಇಟ್ಟಿಗೆ ಕೈಯಿಂದ ಕೈಗೆ ತಿರುಗತೊಡಗಿತು.

ಇದರ ಮರ್ಮವನ್ನು ಮೊನ್ನೆ ಭೌತಶಾಸ್ತ್ರದ ಮಿತ್ರರು ಬಿಡಿಸಿ ಹೇಳಿದರು: “ಸೆಲ್ಲನ್ನು ಕುಡಿಯುತ್ತಿದ್ದದ್ದು ಆಟಕ್ಕಿಂತ ಹೆಚ್ಚಾಗಿ ದೀಪ, ಮೇಷ್ಟ್ರೇ. ಆ ಕಾಲದ ಬಣ್ಣದ ಪರದೆಗೆ ಹಿಂದೆ ಒಂದು ಪುಟ್ಟ ಟ್ಯೂಬ್‌ಲೈಟು ಉರಿಯಬೇಕಾಗಿತ್ತು. ಗೇಮ್ ಬಾಯ್‌ಗೆ ಸ್ವಂತ ದೀಪವೇ ಇಲ್ಲ. ಕಿಟಕಿಯ ಬೆಳಕನ್ನು ಸಾಲ ತೆಗೆದುಕೊಂಡು ಕಾಣಿಸುತ್ತಿತ್ತು.” ಬೆಲೆಯೂ ಹಾಗೆಯೇ. ಅಮೆರಿಕದಲ್ಲಿ ಗೇಮ್ ಬಾಯ್‌ಗೆ ಸುಮಾರು ೯೦ ಡಾಲರು, ಗೇಮ್ ಗೇರ್‌ಗೆ ೧೫೦, ಲಿಂಕ್ಸ್‌ಗೆ ೧೮೦, ಟರ್ಬೋ ಎಕ್ಸ್‌ಪ್ರೆಸ್‌ಗೆ ೨೫೦. ಬೂದು ಇಟ್ಟಿಗೆಗೆ ಗಟ್ಟಿತನವೂ ಇತ್ತು. ೧೯೯೧ರ ಕೊಲ್ಲಿ ಯುದ್ಧದ ಬಾಂಬಿಗೆ ಸಿಕ್ಕಿ ಮೈಯೆಲ್ಲ ಕರಗಿದ ಒಂದು ಗೇಮ್ ಬಾಯ್ ಆಮೇಲೂ ನಡೆಯುತ್ತಿತ್ತು. ಅದನ್ನು ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಬಹುಕಾಲ ಪ್ರದರ್ಶನಕ್ಕಿಟ್ಟಿದ್ದರು.

ಆದರೆ ಸೆಲ್ಲಿನ ಲೆಕ್ಕವೊಂದರಿಂದಲೇ ಯುದ್ಧ ಗೆದ್ದಿತೆಂದರೆ ಅರ್ಧ ಸತ್ಯ. ಗೇಮ್ ಬಾಯ್ ಜೊತೆಗೆ ‘ಟೆಟ್ರಿಸ್’ ಎಂಬ ಆಟವಿತ್ತು. ೧೯೮೪ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬವರು ಕೆಲಸದ ನಡುವೆ ರಚಿಸಿದ್ದು ಅದು. ಅದರ ಹಕ್ಕಿಗಾಗಿ ೧೯೮೯ರ ಫೆಬ್ರವರಿಯಲ್ಲಿ ಮೂವರು ಒಂದೇ ಸಮಯಕ್ಕೆ ಮಾಸ್ಕೋಗೆ ಹೋಗಿಳಿದದ್ದು ಸ್ವಯಂವರಪರ್ವವನ್ನು ನೆನಪಿಗೆ ತರುತ್ತದೆ. ಕೈಯಂತ್ರದ ಹಕ್ಕನ್ನು ಗೆದ್ದುಕೊಂಡು ಬಂದವರು ಹೆಂಕ್ ರಾಜರ್ಸ್. ಹುಡುಗರು ಮಾತ್ರ ಸಾಕಾದರೆ ಮಾರಿಯೊ ಆಟವನ್ನು ಕೊಡಿ, ಎಲ್ಲರೂ ಬೇಕಾದರೆ ಟೆಟ್ರಿಸ್ ಕೊಡಿ ಎಂಬುದು ಅವರು ನಿಂಟೆಂಡೊಗೆ ಮಾಡಿದ ವಾದ. ಆಟ ಕಟ್ಟಿದ ಪಜಿತ್ನೋವ್‌ಗೆ ಮಾತ್ರ ೧೯೯೬ರವರೆಗೆ ಗೌರವಧನ ಬರಲಿಲ್ಲ. ಕವಿಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

‘ಎಲ್ಲರೂ’ ಎಂಬ ಮಾತಿನಲ್ಲಿ ನಮ್ಮ ಅಜ್ಜಿಯೂ ಸೇರಿದ್ದರು. ಮಧ್ಯಾಹ್ನ ಕಾಫಿಗೆ ಮುಂಚೆ ಅವರು ಚಿಕ್ಕವನಿಂದ ಯಂತ್ರವನ್ನು ಕೇಳಿ ಪಡೆದು ಕಿಟಕಿಯ ಪಕ್ಕ ಕೂರುವರು. ಮೇಲಿಂದ ಬೀಳುವ ಉದ್ದನೆಯ ತುಂಡಿಗೆ ಅವರಿಟ್ಟ ಹೆಸರು ಲಟ್ಟಣಿಗೆ, ಚೌಕಕ್ಕೆ ಮೈಸೂರುಪಾಕು. “ಸಂದು ಬಿಡಬಾರದು ಕಣೋ, ಆಮೇಲೆ ತುಂಬಕ್ಕಾಗಲ್ಲ” ಎಂದು ನನಗೇ ಪಾಠ ಹೇಳುತ್ತಿದ್ದರು. ಐವತ್ತು ವರ್ಷ ಉಗ್ರಾಣದಲ್ಲಿ ಡಬ್ಬಿಗಳನ್ನು ಜೋಡಿಸಿದ ಕೈ ಅದು. ಬಣ್ಣವಿಲ್ಲವೆಂದು ಅವರು ಒಮ್ಮೆಯೂ ಗೊಣಗಲಿಲ್ಲ. ಮುಂದೆ ಕೆಲವು ವರ್ಷಗಳಲ್ಲಿ ಅದೇ ಆಟ ‘ಬ್ರಿಕ್ ಗೇಮ್’ ಎಂಬ ಹೆಸರಿನಿಂದ ನಮ್ಮೂರಿನ ಫುಟ್‌ಪಾತಿಗೂ ಬಂದಿತು. ಡಬ್ಬಿಯ ಮೇಲೆ ೯೯೯೯ ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗೆ ಹತ್ತರವರೆಗೆ ಎಣಿಸುವುದೇ ಕಷ್ಟ. ಆದರೂ ಅಗ್ಗದ್ದು, ಎರಡು ಮೂರು ಸೆಲ್ಲಿನದು, ಮನೆಮನೆಯನ್ನು ಹೊಕ್ಕಿತು.

ಈಗ ನನ್ನ ವ್ಯಾಜ್ಯಕ್ಕೆ ಬರುತ್ತೇನೆ. ನಾನು ಕಲಿಸುವ ಐಚ್ಛಿಕ ಕನ್ನಡ ಅಂಗಡಿಯ ಪರೀಕ್ಷೆಯಲ್ಲಿ ಎಂದೂ ಮುಂದೆ ಬಂದದ್ದಲ್ಲ. ಪ್ರವೇಶದ ದಿನಗಳಲ್ಲಿ ಕಾಲೇಜಿನ ಅಂಗಳದಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಮೇಜು. ಕಂಪ್ಯೂಟರಿನ ಮೇಜಿಗೆ ಬಣ್ಣದ ಬ್ಯಾನರು, ದೊಡ್ಡ ಪರದೆ, ಅದರ ಮೇಲೆ ಓಡುವ ಚಿತ್ರಗಳು. ನನ್ನ ಮೇಜಿಗೆ ಒಂದು ರಿಜಿಸ್ಟರು. “ಇದಕ್ಕೆ ಸ್ಕೋಪ್ ಇದೆಯಾ ಸಾರ್?” ಎಂದು ಕೇಳುವ ತಂದೆತಾಯಿಗಳು ನನ್ನ ಉತ್ತರಕ್ಕೆ ಕಾಯದೆ ಪಕ್ಕದ ಮೇಜಿಗೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಈ ವರ್ಷ ಸೇರಿದವರು ಹನ್ನೊಂದು ಜನ. ಮುಂದಿನ ಜೂನ್‌ನಲ್ಲಿ ಹದಿನೈದು ಜನ ಸೇರದಿದ್ದರೆ ಐಚ್ಛಿಕ ಕನ್ನಡವನ್ನು ನಿಲ್ಲಿಸುವುದೆಂದು ಆಡಳಿತದವರು ತಿಳಿಸಿದ್ದಾರೆ.

ಇಂಥ ಹೊತ್ತಿನಲ್ಲಿ ಗೇಮ್ ಬಾಯ್‌ನ ಕಥೆ ಎಷ್ಟು ಹಿತವೆಂಬುದನ್ನು ವಾಚಕರು ಊಹಿಸಬಹುದು. ಬಣ್ಣದವರು ಬರಲಿ, ಬೆಳಕಿನವರು ಬರಲಿ, ನಮ್ಮದು ಒಣಗಿದ ಮರ, ಬಾಳಿಕೆ ಬರುವುದು ಇದೇ ಎಂದು ಎದೆಯುಬ್ಬಿಸಿ ಕೂರಬಹುದು. ಗೇಮ್ ಗೇರ್ ಒಂದು ಕೋಟಿ ಚಿಲ್ಲರೆ ಮಾರಾಟವಾಯಿತು. ಗೇಮ್ ಬಾಯ್, ೧೯೯೮ರಲ್ಲಿ ಬಂದ ಅದರ ಬಣ್ಣದ ತಮ್ಮನನ್ನೂ ಸೇರಿಸಿ, ೧೧ ಕೋಟಿ ೮೬ ಲಕ್ಷಕ್ಕೂ ಹೆಚ್ಚು. ಇಲ್ಲಿಗೇ ಪುಸ್ತಕವನ್ನು ಮುಚ್ಚಿದ್ದರೆ ನನಗೆ ಸುಖನಿದ್ರೆ ಬರುತ್ತಿತ್ತು. ಮುಂದಿನ ಪರ್ವವನ್ನು ಓದದೆ ಬಿಡುವುದು ಮೇಷ್ಟರ ಧರ್ಮವಲ್ಲ.

೧೯೯೫ರಲ್ಲಿ ಯೊಕೊಯಿ ಕಣ್ಣಿಗೆ ಹಚ್ಚಿಕೊಂಡು ಆಡುವ ‘ವರ್ಚುವಲ್ ಬಾಯ್’ ಎಂಬ ಯಂತ್ರವನ್ನು ತಂದರು; ಅದು ನಿಲ್ಲಲಿಲ್ಲ. ೧೯೯೬ರಲ್ಲಿ ಅವರು ನಿಂಟೆಂಡೊ ಬಿಟ್ಟು ತಮ್ಮದೇ ಚಿಕ್ಕ ಕಂಪೆನಿ ಕಟ್ಟಿದರು. ಅಲ್ಲಿ, ಬಾಂಡಾಯ್ ಎಂಬ ಆಟಿಕೆಯ ಕಂಪೆನಿಗಾಗಿ, ಹೊಸ ಕೈಯಂತ್ರವೊಂದರ ಕೆಲಸದಲ್ಲಿ ತೊಡಗಿದರು. ೧೯೯೭ರ ಅಕ್ಟೋಬರ್ ೪ರಂದು ಹೆದ್ದಾರಿಯಲ್ಲಿ ಒಂದು ಸಣ್ಣ ಡಿಕ್ಕಿಯಾಯಿತು. ಏನಾಯಿತೆಂದು ನೋಡಲು ಇಳಿದ ಯೊಕೊಯಿಯವರಿಗೆ ಇನ್ನೊಂದು ಕಾರು ಬಡಿಯಿತು. ಅವರಿಗೆ ಆಗ ೫೬ ವರ್ಷ. ಅವರ ಯಂತ್ರ ‘ವಂಡರ್‌ಸ್ವಾನ್’ ೧೯೯೯ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಬೆಲೆ ೪,೮೦೦ ಯೆನ್. ಗೇಮ್ ಬಾಯ್ ಮೊದಲು ಬಂದಾಗ ಇದ್ದ ೧೨,೫೦೦ ಯೆನ್ನಿನ ಅರ್ಧಕ್ಕಿಂತಲೂ ಕಡಮೆ. ಬೇಕಾದದ್ದು ಒಂದೇ ಒಂದು ಸೆಲ್ಲು; ಅದು ಮೂವತ್ತು ಗಂಟೆಯಷ್ಟು ನಡೆಯುತ್ತಿತ್ತು. ಅದರೊಡನೆ ಬಂದ ಒಂದು ಆಟಕ್ಕೆ ‘ಗುಂಪೈ’ ಎಂದೇ ಹೆಸರಿಟ್ಟಿದ್ದರು. ಸೂತ್ರಕ್ಕೆ ಇದಕ್ಕಿಂತ ಶು​ದ್ಧವಾದ ಉದಾಹರಣೆಯಿಲ್ಲ. ಅದು ಸೋತಿತು. ಜಪಾನಿನ ಹೊರಗೆ ಕಾಲಿಡಲಾಗದೆ ೨೦೦೩ರ ಹೊತ್ತಿಗೆ ನಿಂತೇ ಹೋಯಿತು. ಅದನ್ನು ಸೋಲಿಸಿದ್ದು ಯಾವ ಬಣ್ಣದ ಆನೆಯೂ ಅಲ್ಲ, ಅವರದೇ ಗೇಮ್ ಬಾಯ್‌ನ ವಂಶ. ಅರ್ಜುನನ ಕುದುರೆಯನ್ನು ಕಟ್ಟಿಹಾಕಿದವನು ಅವನ ಮಗ ಬಭ್ರುವಾಹನನೇ ಅಲ್ಲವೆ?

ಏಕೆ ಹೀಗಾಯಿತು? ಅಗ್ಗವೂ ಬಾಳಿಕೆಯೂ ಸಾಕಾಗುವುದಾದರೆ ವಂಡರ್‌ಸ್ವಾನ್ ಗೆಲ್ಲಬೇಕಾಗಿತ್ತು. ಉತ್ತರ ೧೯೯೬ರ ಫೆಬ್ರವರಿ ೨೭ರಲ್ಲಿದೆ. ಅಂದು ಜಪಾನಿನಲ್ಲಿ ಗೇಮ್ ಬಾಯ್‌ಗಾಗಿ ‘ಪೋಕೆಮಾನ್’ ಆಟ ಹೊರಬಂದಿತ್ತು. ಕಟ್ಟಿದವರು ಸತೋಷಿ ತಾಜಿರಿ. ಹುಡುಗನಾಗಿದ್ದಾಗ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದವರು. ಗೇಮ್ ಬಾಯ್‌ಗೆ ಮೊದಲಿನಿಂದಲೂ ಒಂದು ತಂತಿಯ ವ್ಯವಸ್ಥೆಯಿತ್ತು: ಎರಡು ಯಂತ್ರಗಳನ್ನು ಜೋಡಿಸಿ ಇಬ್ಬರು ಆಡಬಹುದು. ಆ ತಂತಿಯನ್ನು ಕಂಡ ತಾಜಿರಿಯವರಿಗೆ ಅದರ ಮೇಲೆ ಹುಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದುಹೋಗುವಂತೆ ತೋರಿತಂತೆ. ಆಟವನ್ನು ಕೆಂಪು, ಹಸುರು ಎಂದು ಎರಡು ಬಗೆಯಾಗಿ ಮಾರಿದರು. ಕೆಂಪಿನಲ್ಲಿರುವ ಕೆಲವು ಪ್ರಾಣಿಗಳು ಹಸುರಿನಲ್ಲಿಲ್ಲ, ಹಸುರಿನವು ಕೆಂಪಿನಲ್ಲಿಲ್ಲ. ಎಲ್ಲವೂ ಬೇಕೆಂದರೆ ಇನ್ನೊಬ್ಬ ಹುಡುಗನನ್ನು ಹುಡುಕಿ, ತಂತಿ ಸೇರಿಸಿ, ನನ್ನದನ್ನು ಕೊಟ್ಟು ನಿನ್ನದನ್ನು ಪಡೆಯಬೇಕು. ಏಳು ವರ್ಷ ಹಳೆಯ ಇಟ್ಟಿಗೆಗೆ ಮರುಹುಟ್ಟು ಬಂದಿತು. ಯಾವ ಹುಡುಗನೂ ಒಂದೇ ಸೆಲ್ಲಿನ ಹೊಸ ಯಂತ್ರಕ್ಕಾಗಿ ಗೆಳೆಯರ ಗುಂಪನ್ನು ಬಿಟ್ಟುಹೋಗಲಾರ. ಅಂಗಡಿಯ ಪರೀಕ್ಷೆ, ಮನೆಯ ಪರೀಕ್ಷೆ ಎರಡೂ ಆದ ಮೇಲೆ ಮೂರನೆಯದೊಂದು ಪರೀಕ್ಷೆಯಿದೆ. ಅದರಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿನ್ನ ಜೊತೆಯಲ್ಲಿ ಯಾರಿದ್ದಾರೆ?

ಆಮೇಲಿನ ಯುದ್ಧಗಳಲ್ಲೂ ಈ ಪ್ರಶ್ನೆಯನ್ನು ಕಾಣಬಹುದು. ೨೦೦೩ರಲ್ಲಿ ನೋಕಿಯಾ ಕಂಪೆನಿ ಫೋನೂ ಆಟವೂ ಒಂದಾದ ‘ಎನ್‌ಗೇಜ್’ ತಂದಿತು. ಮಾತನಾಡಬೇಕಾದರೆ ಅದರ ಅಂಚನ್ನು ಕಿವಿಗೆ ಇಟ್ಟುಕೊಳ್ಳಬೇಕು. ಆಟ ಬದಲಾಯಿಸಬೇಕಾದರೆ ಬ್ಯಾಟರಿಯನ್ನೇ ಹೊರತೆಗೆಯಬೇಕು. ಎರಡು ದೋಣಿಯ ಪಯಣಿಗ, ಪಾಪ, ಮುಳುಗಿದ. ೨೦೦೪ರ ಕೊನೆಗೆ ನಿಂಟೆಂಡೊ ಡಿಎಸ್ ಮತ್ತು ಸೋನಿಯ ಪಿಎಸ್‌ಪಿ ಎದುರುಬದುರಾದವು. ಬಲದಲ್ಲೂ ಅಂದದಲ್ಲೂ ಪಿಎಸ್‌ಪಿ ಮೇಲು. ಅದು ಸುಮಾರು ಎಂಟು ಕೋಟಿ ಮಾರಾಟವಾಯಿತೆಂದರೆ ಸೋತವನಿಗೂ ಪದ್ಯ ಬರೆಯುವಂಥದೇ. ಡಿಎಸ್‌ಗೆ ಎರಡು ಪರದೆ. ಒಂದನ್ನು ಕಡ್ಡಿಯಿಂದ ಮುಟ್ಟಿ ಆಡಬಹುದು. ಗುಂಡಿಗಳಿಗೆ ಅಂಜುತ್ತಿದ್ದ ಅಜ್ಜ ಅಜ್ಜಿಯರೂ ಲೆಕ್ಕ, ಓದುಗಳ ‘ಮೆದುಳಿನ ಕಸರತ್ತು’ ಮಾಡುತ್ತ ಕುಳಿತರು. ಅದು ೧೫ ಕೋಟಿ ೪೦ ಲಕ್ಷ ಮಾರಾಟವಾಯಿತು.

ಕೊನೆಗೆ ಈ ಎಲ್ಲರನ್ನೂ ಕಂಗೆಡಿಸಿದವನು ಅಖಾಡಕ್ಕೇ ಇಳಿಯದ ಜಟ್ಟಿ. ೨೦೦೭ರಲ್ಲಿ ಐಫೋನ್ ಬಂದಿತು. ೨೦೦೮ರಲ್ಲಿ ಅದರ ಆಪ್ ಅಂಗಡಿ ತೆರೆಯಿತು. ೨೦೧೧ರ ಫೆಬ್ರವರಿಯಲ್ಲಿ ೨೫,೦೦೦ ಯೆನ್ನಿಗೆ ಹೊರಟ ನಿಂಟೆಂಡೊ ೩ಡಿಎಸ್‌ನ ಬೆಲೆಯನ್ನು ಅದೇ ಆಗಸ್ಟ್‌ನಲ್ಲಿ ೧೫,೦೦೦ಕ್ಕೆ ಇಳಿಸಬೇಕಾಯಿತು. ಸೋನಿಯ ವೀಟಾ ೨೦೧೯ರಲ್ಲಿ ನಿಂತಿತು. ಯುದ್ಧ ಮುಗಿದೇ ಹೋಯಿತೆಂದು ಹಲವರು ತಿಳಿದಿದ್ದರು. ಆದರೆ ನಿಂಟೆಂಡೊ ೨೦೧೭ರಲ್ಲಿ ಕೈಯಲ್ಲೂ ಟೀವಿಯಲ್ಲೂ ಆಡಬಹುದಾದ ‘ಸ್ವಿಚ್’ ತಂದು ೧೫ ಕೋಟಿಯನ್ನು ದಾಟಿತು. ೨೦೨೨ರಲ್ಲಿ ‘ಸ್ಟೀಮ್ ಡೆಕ್’ ಬಂದಿತು, ೨೦೨೫ರಲ್ಲಿ ‘ಸ್ವಿಚ್ ೨’. ಸ್ವರ್ಗಾರೋಹಣಪರ್ವ ಇನ್ನೂ ದೂರವಿದೆ. ಫೋನು ಮಾತ್ರ ಬೇರೆಯೇ ಜಾತಿ. ಮನೆಯ ಪರೀಕ್ಷೆಯಲ್ಲಿ ಅದರ ಅಂಕ ಅಷ್ಟಕ್ಕಷ್ಟೆ. ಸಂಜೆಯಾದರೆ ನಮ್ಮ ಕಾಲೇಜಿನ ಕಾರಿಡಾರಿನಲ್ಲಿರುವ ಒಂದು ಪ್ಲಗ್ಗಿಗೆ ಹತ್ತು ಹುಡುಗರು ಸರದಿ ನಿಲ್ಲುತ್ತಾರೆ. ಆದರೂ ಅದು ಗೆದ್ದಿತು. ಮೂರನೆಯ ಪರೀಕ್ಷೆಗೆ ಅದರ ಉತ್ತರ ಸಿದ್ಧವಾಗಿತ್ತು: ಎಲ್ಲರೂ ಇಲ್ಲೇ ಇದ್ದಾರೆ.

ಆದ್ದರಿಂದ ಒಣಗಿದ ಮರವೆಂದು ಎದೆಯುಬ್ಬಿಸುವುದನ್ನು ನಾನು ಬಿಟ್ಟಿದ್ದೇನೆ. ಹಳೆಯದಾಗಿರುವುದು ಒಂದು ಗುಣವಲ್ಲ. ಹಳೆಯದರಿಂದ ಏನನ್ನು ಮಾಡಿ ಯಾರ ಕೈಗೆ ಕೊಟ್ಟೆವೆಂಬುದು ಗುಣ. ನನ್ನ ಮೇಜಿಗೂ ಒಂದು ಬಣ್ಣದ ಪರದೆ ಕೊಡಿಸುತ್ತೇನೆಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಕೊಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದು ಮೊದಲನೆಯ ಪರೀಕ್ಷೆಗೆ ಮಾತ್ರ ಒದಗುವ ಗೈಡು. ನನಗೆ ಬೇಕಾದದ್ದು ತಾಜಿರಿಯವರ ತಂತಿ.

ನನ್ನ ಹನ್ನೊಂದು ಜನರಲ್ಲಿ ಒಬ್ಬಳು ಕುಂದಾಪುರದ ಕಡೆಯವಳು, ಇಬ್ಬರು ಕಲಬುರಗಿಯವರು, ಉಳಿದವರು ಈ ಸೀಮೆಯ ಬೇರೆ ಬೇರೆ ಹಳ್ಳಿಗಳವರು. ನಾವು ‘ಸ್ನಾನ’ ಎನ್ನುವುದು ಒಬ್ಬನಿಗೆ ಜಳಕ, ಇನ್ನೊಬ್ಬಳಿಗೆ ಮೀಯುವುದು. ಒಬ್ಬರಲ್ಲಿರುವ ಮಾತು ಇನ್ನೊಬ್ಬರಲ್ಲಿಲ್ಲ. ಕೆಂಪು ಕ್ಯಾಸೆಟ್ಟು, ಹಸುರು ಕ್ಯಾಸೆಟ್ಟು! ಈಗ ಪ್ರತಿ ಶನಿವಾರ ಕೊನೆಯ ಗಂಟೆಯಲ್ಲಿ ಒಬ್ಬೊಬ್ಬರೂ ತಮ್ಮೂರಿನಿಂದ, ಬೇರೆಯವರಲ್ಲಿಲ್ಲದ, ಐದು ಮಾತುಗಳನ್ನು ತರಬೇಕು, ಕೊಟ್ಟು ತೆಗೆದುಕೊಳ್ಳಬೇಕು. ಮೊದಲ ಶನಿವಾರ ಸಂಕೋಚದಿಂದ ಕುಳಿತಿದ್ದರು. ನಾಲ್ಕನೆಯ ಶನಿವಾರ ಕಲಬುರಗಿಯ ಹುಡುಗ ತನ್ನ ಅಜ್ಜಿಗೆ ಫೋನು ಮಾಡಿ ಮೂವತ್ತು ಮಾತು ಬರೆದುಕೊಂಡು ಬಂದಿದ್ದ. ಕಳೆದ ಶನಿವಾರ ವಾಣಿಜ್ಯ ವಿಭಾಗದ ಮೂವರು ಬಾಗಿಲಲ್ಲಿ ನಿಂತು, “ಸಾರ್, ನಾವೂ ಕೂತ್ಕೋಬಹುದಾ?” ಎಂದು ಕೇಳಿದರು.

ಹದಿನೈದು ಆಗುವುದೋ ಇಲ್ಲವೋ ಎಂಬುದನ್ನು ಜೂನ್ ತಿಂಗಳು ಹೇಳಬೇಕು. ಆ ಮೂವರಿಗೂ ಬೆಂಚು ತೋರಿಸಿ ಕುಳ್ಳಿರಿಸಿದ್ದೇನೆ. ತಾತ ಇದ್ದಿದ್ದರೆ ಈ ಆಟದ ಲೆಕ್ಕವನ್ನು ಕಂಡು ಸಂತೋಷಪಡುತ್ತಿದ್ದರು. ಇದಕ್ಕೆ ಸೆಲ್ಲಿನ ಖರ್ಚೇ ಇಲ್ಲ.